ತೋಳಿನ ಮೇಲಿನ ಒರಟು ಗುಳ್ಳೆಗಳು: ಕೆರಟೋಸಿಸ್ ಪೈಲಾರಿಸ್ ಎಂದರೇನು, ಅದನ್ನು ನೋಡಿಕೊಳ್ಳುವುದು ಹೇಗೆ

ದೀಪಾವಳಿ ಕಳೆದು ಒಣಗಾಳಿ ಬೀಸತೊಡಗಿತೆಂದರೆ ದಾವಣಗೆರೆ, ಚಿತ್ರದುರ್ಗದ ಮನೆಗಳಲ್ಲಿ ತುಟಿ ಬಿರಿಯುವುದು, ಹಿಮ್ಮಡಿ ಒಡೆಯುವುದು ಮಾಮೂಲು. ಅದೇ ದಿನಗಳಲ್ಲಿ ಅನೇಕ ಮಕ್ಕಳ ಮತ್ತು ಹದಿಹರೆಯದವರ ತೋಳಿನ ಹೊರಮೈ ಮುಟ್ಟಿದರೆ ತರಿತರಿಯಾಗಿ ಸಿಗುತ್ತದೆ. ಹತ್ತಿರದಿಂದ ನೋಡಿದರೆ ಒಂದೊಂದು ಕೂದಲಿನ ಬುಡದಲ್ಲೂ ಒಂದು ಮಿಲಿಮೀಟರಿನ ಆಸುಪಾಸಿನ ಪುಟ್ಟ ಗುಳ್ಳೆ ಎದ್ದಿರುತ್ತದೆ. ಅದರಲ್ಲಿ ಕೀವಿಲ್ಲ, ನೋವಿಲ್ಲ, ತುರಿಕೆಯೂ ಬಹಳವಿಲ್ಲ. ಆದರೂ ಅರ್ಧ ತೋಳಿನ ಅಂಗಿ ತೊಡಲು ಹುಡುಗಿ ಹಿಂಜರಿಯುತ್ತಾಳೆ, ಮಗ ಸರಿಯಾಗಿ ಮೈ ತೊಳೆಯುತ್ತಿಲ್ಲವೆಂದು ತಾಯಿ ಗದರುತ್ತಾಳೆ, ಔಷಧಿ ಅಂಗಡಿಯಿಂದ ಯಾವುದೋ ಟ್ಯೂಬು ಮನೆಗೆ ಬರುತ್ತದೆ.

ಈಗ ಇದಕ್ಕೆ ಇನ್ನೊಂದು ಗೊಂದಲ ಸೇರಿಕೊಂಡಿದೆ. ಮೊಬೈಲಿನಲ್ಲಿ ಬರುವ ಜಾಹೀರಾತುಗಳಲ್ಲಿ ಯೂರಿಯಾ, ಲ್ಯಾಕ್ಟಿಕ್ ಆಮ್ಲ, ಸ್ಯಾಲಿಸಿಲಿಕ್ ಆಮ್ಲ ಎಂಬ ಹೆಸರುಗಳು ಹೊಳೆಯುತ್ತಿರುತ್ತವೆ, ಗುಳ್ಳೆಗಳು ವಾರದಲ್ಲಿ ಮಾಯವಾಗುತ್ತವೆಂಬ ಭರವಸೆಯೂ ಜೊತೆಗಿರುತ್ತದೆ. ಯಾವುದು ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ, ಯಾವುದು ಕೇಡು ಮಾಡುತ್ತದೆ ಎಂದು ಬಿಡಿಸಿ ನೋಡಲು ಈ ಗುಳ್ಳೆ ಏನೆಂಬುದನ್ನು ಮೊದಲು ತಿಳಿಯಬೇಕು. ವೈದ್ಯಕೀಯದಲ್ಲಿ ಇದರ ಹೆಸರು ಕೆರಟೋಸಿಸ್ ಪೈಲಾರಿಸ್. ಕೋಳಿಯ ಪುಕ್ಕ ಕಿತ್ತ ಮೇಲಿನ ಮೈಯಂತೆ ಕಾಣುವುದರಿಂದ ಕೋಳಿ ಚರ್ಮವೆಂದೂ ಕರೆಯುತ್ತಾರೆ.

## ಚರ್ಮದೊಳಗೆ ನಡೆಯುವುದೇನು

ನಮ್ಮ ಚರ್ಮದ ಹೊರಪದರ ದಿನವೂ ಹಳತನ್ನು ಉದುರಿಸಿ ಹೊಸತನ್ನು ಕಟ್ಟಿಕೊಳ್ಳುತ್ತಿರುತ್ತದೆ. ತಳದಲ್ಲಿ ಹುಟ್ಟಿದ ಜೀವಕೋಶ ಮೇಲೇರಿ ಬಂದು, ಒಣಗಿ, ಕಣ್ಣಿಗೆ ಕಾಣದ ಹೊಟ್ಟಾಗಿ ಉದುರಲು ಸುಮಾರು ನಾಲ್ಕು ವಾರ ಹಿಡಿಯುತ್ತದೆ. ಆ ಕೋಶಗಳಲ್ಲಿ ತುಂಬಿರುವ ಗಟ್ಟಿ ಪ್ರೋಟೀನಿನ ಹೆಸರು ಕೆರಟಿನ್. ಉಗುರು, ಕೂದಲು, ದನದ ಕೊಂಬು ಎಲ್ಲವೂ ಇದರಿಂದಲೇ ಆದವು. ಪ್ರತಿಯೊಂದು ಕೂದಲೂ ಚರ್ಮದೊಳಗಿನ ಕಿರಿದಾದ ಕೊಳವೆಯೊಂದರಿಂದ ಹೊರಬರುತ್ತದೆ. ಇದನ್ನು ರೋಮಕೂಪ ಎನ್ನುತ್ತೇವೆ. ಕೆರಟೋಸಿಸ್ ಪೈಲಾರಿಸ್ ಇರುವವರಲ್ಲಿ ಈ ಕೊಳವೆಯ ಬಾಯಿಯ ಬಳಿ ಕೆರಟಿನ್ ಅಗತ್ಯಕ್ಕಿಂತ ಹೆಚ್ಚು ಸೇರಿಕೊಂಡು, ಉದುರಿಹೋಗದೆ, ಬಿರಡೆಯಾಗಿ ಗಟ್ಟಿಯಾಗುತ್ತದೆ. ಕೈಗೆ ತರಿಯೆನಿಸುವುದು ಈ ಬಿರಡೆಯ ತುದಿ.

ಹಿರಿಯೂರು, ಹೊಸದುರ್ಗದ ದಾಳಿಂಬೆ ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭ. ಗಡಸು ನೀರಿನ ಕೊಳವೆಬಾವಿಯಿಂದ ಹನಿ ನೀರಾವರಿ ಮಾಡಿದರೆ ಪೈಪಿನ ಸಣ್ಣ ರಂಧ್ರಗಳ ಬಾಯಲ್ಲಿ ಉಪ್ಪು ಕಟ್ಟುತ್ತದೆ. ಆ ಪೈಪನ್ನು ಹೊರಗಿನಿಂದ ಎಷ್ಟು ಉಜ್ಜಿದರೂ ರಂಧ್ರ ತೆರೆಯುವುದಿಲ್ಲ. ಮೊಳೆ ಚುಚ್ಚಿ ತೆರೆದರೆ ರಂಧ್ರವೇ ಕೆಡುತ್ತದೆ. ಆದ್ದರಿಂದ ರೈತರು ಕಟ್ಟಿದ ಉಪ್ಪನ್ನು ಕರಗಿಸುವ ದ್ರಾವಣವನ್ನು ಹದವಾಗಿ ಹಾಯಿಸುತ್ತಾರೆ, ಕೆಲವು ವಾರಗಳ ನಂತರ ಮತ್ತೆ ಹಾಯಿಸುತ್ತಾರೆ, ಏಕೆಂದರೆ ನೀರಿನ ಗುಣ ಬದಲಾಗುವುದಿಲ್ಲ. ಈ ಚರ್ಮದ ಸ್ಥಿತಿಯೂ ಅಂತಹುದೇ, ಆದರೆ ಒಂದು ವ್ಯತ್ಯಾಸವಿದೆ. ಪೈಪಿನಲ್ಲಿ ಕಟ್ಟುವ ಉಪ್ಪು ಹೊರಗಿನಿಂದ ಬಂದದ್ದು. ರೋಮಕೂಪದಲ್ಲಿ ಕಟ್ಟುವ ಕೆರಟಿನ್ ಮೈಯೊಳಗೇ ತಯಾರಾದದ್ದು. ಅದು ಕೊಳೆಯಲ್ಲ, ಹೊರಗಿನ ಧೂಳೂ ಅಲ್ಲ.

ಅನೇಕ ಗುಳ್ಳೆಗಳ ಒಳಗೆ ಹೊರಬರಲು ದಾರಿ ಸಿಗದ ಎಳೆಗೂದಲೊಂದು ಸುರುಳಿ ಸುತ್ತಿಕೊಂಡಿರುತ್ತದೆ. ಈ ಸುರುಳಿಗೂದಲೇ ರೋಮಕೂಪದ ಗೋಡೆಯನ್ನು ಗೀರಿ ಉರಿಯೂತಕ್ಕೂ ಕೆರಟಿನ್ ಶೇಖರಣೆಗೂ ಕಾರಣವಾಗಬಹುದೆಂದು ಮುಂಬೈನ ಚರ್ಮವೈದ್ಯರು 2012ರಲ್ಲಿ ವಾದ ಮಂಡಿಸಿದ್ದರು. ಅಂದರೆ ಬಿರಡೆ ಮೊದಲೋ ಸುರುಳಿ ಮೊದಲೋ ಎಂಬ ಚರ್ಚೆ ವಿಜ್ಞಾನದಲ್ಲಿ ಇನ್ನೂ ಮುಗಿದಿಲ್ಲ. ಈ ರೋಮಕೂಪಗಳಿಗೆ ಅಂಟಿಕೊಂಡಿರಬೇಕಾದ ಎಣ್ಣೆ ಗ್ರಂಥಿಗಳು ಕುಗ್ಗಿರುವುದನ್ನೂ ಸಂಶೋಧಕರು ಗುರುತಿಸಿದ್ದಾರೆ. ಆ ಭಾಗದ ಚರ್ಮ ಸದಾ ಒಣಗಿದಂತೆ ಕಾಣುವುದಕ್ಕೆ ಇದೂ ಒಂದು ಕಾರಣವಿರಬಹುದು.

ಗುಳ್ಳೆಯ ಸುತ್ತ ಸ್ವಲ್ಪ ಉರಿಯೂತವಿದ್ದರೆ ಬಿಳಿಯ ಮೈಬಣ್ಣದವರಲ್ಲಿ ಅದು ಕೆಂಪಾಗಿ ಕಾಣುತ್ತದೆ. ನಮ್ಮ ಗೋಧಿಬಣ್ಣದ, ಕಪ್ಪುಬಣ್ಣದ ಮೈಯಲ್ಲಿ ಅದೇ ಉರಿಯೂತ ಕಂದು ಅಥವಾ ಕಪ್ಪು ಚುಕ್ಕೆಯಾಗಿ ತೋರುತ್ತದೆ, ಉರಿಯೂತ ಅಡಗಿದ ಮೇಲೂ ಆ ಚುಕ್ಕೆ ತಿಂಗಳುಗಟ್ಟಲೆ ಉಳಿಯುತ್ತದೆ. ಪರದೇಶದ ಚಿತ್ರಗಳನ್ನು ನೋಡಿ ತಮ್ಮದು ಬೇರೆ ಯಾವುದೋ ರೋಗವೆಂದು ಗಾಬರಿಯಾಗುವವರು ಇದನ್ನು ನೆನಪಿನಲ್ಲಿಡಬೇಕು.

## ಯಾರಿಗೆ, ಏಕೆ

ಹದಿಹರೆಯದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ, ವಯಸ್ಕರಲ್ಲಿ ಶೇಕಡ 40ರಷ್ಟು ಮಂದಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಈ ಗುಳ್ಳೆಗಳಿರುತ್ತವೆ ಎಂಬುದು ಚರ್ಮರೋಗ ಗ್ರಂಥಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂದಾಜು. ಇಷ್ಟು ಜನರಿಗೆ ಇರುವುದನ್ನು ರೋಗವೆನ್ನುವುದಕ್ಕಿಂತ ಚರ್ಮದ ಒಂದು ಜಾಯಮಾನವೆನ್ನುವುದೇ ಸರಿ. ಸಾಮಾನ್ಯವಾಗಿ ಬಾಲ್ಯದಲ್ಲಿ ಆರಂಭವಾಗಿ, ಹದಿಹರೆಯದಲ್ಲಿ ಹೆಚ್ಚಾಗಿ, ಅನೇಕರಲ್ಲಿ ವಯಸ್ಸು ಮೂವತ್ತರ ಹತ್ತಿರ ಬರುವಾಗ ತಾನಾಗಿ ಕಡಿಮೆಯಾಗುತ್ತದೆ. ಕೆಲವರಲ್ಲಿ ಜೀವನವಿಡೀ ಉಳಿಯುವುದೂ ಉಂಟು. ತೋಳಿನ ಮೇಲ್ಭಾಗದ ಹೊರಮೈ ಮತ್ತು ತೊಡೆಯ ಮುಂಭಾಗ ಇದರ ಮೆಚ್ಚಿನ ಜಾಗಗಳು. ಪೃಷ್ಠದ ಮೇಲೂ, ಚಿಕ್ಕ ಮಕ್ಕಳಾದರೆ ಕೆನ್ನೆಯ ಮೇಲೂ ಕಾಣುತ್ತದೆ. ಅಂಗೈ, ಅಂಗಾಲುಗಳಲ್ಲಿ ರೋಮಕೂಪಗಳೇ ಇಲ್ಲದ ಕಾರಣ ಅಲ್ಲಿ ಎಂದೂ ಬರುವುದಿಲ್ಲ.

ಇದು ವಂಶದಲ್ಲಿ ಹರಿದು ಬರುವ ಗುಣ. ತಂದೆ ಅಥವಾ ತಾಯಿ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು, ಮಗುವಿನಲ್ಲಿ ಕಾಣಿಸಿಕೊಳ್ಳಬಹುದು, ಆದರೆ ಎಷ್ಟು ಎದ್ದು ಕಾಣುತ್ತದೆಂಬುದು ಒಡಹುಟ್ಟಿದವರಲ್ಲೂ ಬೇರೆಬೇರೆಯಾಗಿರುತ್ತದೆ. ಚರ್ಮದ ಹೊರಪದರವನ್ನು ಬಿಗಿಯಾಗಿ, ತೇವವಾಗಿ ಇಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ದೋಷವಿರುವವರಲ್ಲಿ ಇದು ಹೆಚ್ಚು. ಹಾಗಾಗಿಯೇ ಮೀನಿನ ಪೊರೆಯಂತೆ ಚರ್ಮ ಒಣಗುವ ಇಕ್ತಿಯೋಸಿಸ್, ಮಕ್ಕಳ ಮೊಣಕೈ ಮಡಿಕೆ, ಮಂಡಿಯ ಹಿಂಭಾಗಗಳಲ್ಲಿ ತುರಿಕೆ ತರುವ ಅಟೋಪಿಕ್ ಎಕ್ಸಿಮಾ, ಆಸ್ತಮಾ ಇರುವ ಮನೆತನಗಳಲ್ಲಿ ಈ ಗುಳ್ಳೆಗಳೂ ಜೊತೆಗೆ ಸಿಗುವುದು ಹೆಚ್ಚು. ದೇಹದ ತೂಕ ಹೆಚ್ಚಿದ್ದವರಲ್ಲಿಯೂ ಇದರ ಪ್ರಮಾಣ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ.

ಇದರಿಂದ ಹೊರಡುವ ಎರಡು ಮಾತುಗಳನ್ನು ಮನೆಯವರೆಲ್ಲರೂ ತಿಳಿದಿರಬೇಕು. ಒಂದು, ಇದು ಅಂಟುವುದಿಲ್ಲ: ಒಂದೇ ಟವೆಲ್, ಒಂದೇ ಹಾಸಿಗೆ, ಒಂದೇ ಸೋಪು ಬಳಸಿದರೂ ಒಬ್ಬರಿಂದೊಬ್ಬರಿಗೆ ಹರಡದು. ಎರಡು, ಇದು ಸ್ವಚ್ಛತೆಯ ಕೊರತೆಯಿಂದ ಬಂದದ್ದಲ್ಲ. ರಕ್ತ ಕೆಟ್ಟಿದೆ, ಮೈಗೆ ಉಷ್ಣವಾಗಿದೆ ಎಂಬ ಮಾತುಗಳು ನಮ್ಮಲ್ಲಿ ಬಹಳ ಕೇಳಿಬರುತ್ತವೆ. ಆದರೆ ಈ ಬಿರಡೆ ಕಟ್ಟುವುದು ಚರ್ಮದ ತೀರ ಹೊರಪದರದಲ್ಲಿ, ರಕ್ತನಾಳಗಳೇ ಇಲ್ಲದ ಜಾಗದಲ್ಲಿ. ರಕ್ತಶುದ್ಧಿಯ ಹೆಸರಿನಲ್ಲಿ ಮಾರುವ ಟಾನಿಕ್ಕು ಅಲ್ಲಿಗೆ ಹೋಗಿ ಮಾಡುವ ಕೆಲಸವೇನೂ ಇಲ್ಲ.

## ಬಯಲುಸೀಮೆಯ ಹವೆ ಮತ್ತು ನೀರು

ಚಳಿಗಾಲದಲ್ಲಿ ಹೆಚ್ಚುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ ಎಂದು ಪುಸ್ತಕಗಳಲ್ಲಿ ಬರೆದಿರುವುದು ಚಳ್ಳಕೆರೆಯವರಿಗೋ ಮೊಳಕಾಲ್ಮೂರಿನವರಿಗೋ ಪೂರ್ತಿ ಹೊಂದುವುದಿಲ್ಲ. ಇಲ್ಲಿ ನಿಜವಾದ ಕಾರಣ ಚಳಿಯಲ್ಲ, ಗಾಳಿಯಲ್ಲಿರುವ ತೇವದ ಕೊರತೆ. ಚಿತ್ರದುರ್ಗದ ಪೂರ್ವದ ತಾಲ್ಲೂಕುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿದವು, ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಮಧ್ಯಾಹ್ನಗಳಲ್ಲಿ ಅಲ್ಲಿಯ ಗಾಳಿ ಡಿಸೆಂಬರಿನಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಒಣಗಿರುತ್ತದೆ. ಹೀಗಾಗಿ ಮಂಗಳೂರಿನ ಸಂಬಂಧಿಕರಿಗೆ ವರ್ಷದ ಒಂದೆರಡು ತಿಂಗಳ ತೊಂದರೆ ಇಲ್ಲಿಯವರಿಗೆ ಅರ್ಧ ವರ್ಷದ್ದಾಗಬಹುದು. ಮುಂಗಾರಿನ ತೇವ ಬಂದ ಮೇಲೆ ಚರ್ಮ ತಾನಾಗಿ ಮೆತ್ತಗಾದದ್ದನ್ನು ನೋಡಿ, ಆಗ ಹಚ್ಚುತ್ತಿದ್ದ ಮುಲಾಮಿಗೆ ಪೂರ್ತಿ ಶ್ರೇಯಸ್ಸು ಕೊಡುವುದೂ ತಪ್ಪಾಗುತ್ತದೆ.

ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಇರುವ ಸಂಗತಿ ಇಲ್ಲಿಯವರಿಗೆ ಗೊತ್ತಿರುವುದರಿಂದ ಗುಳ್ಳೆಗಳಿಗೂ ಅದನ್ನೇ ದೂರುವವರಿದ್ದಾರೆ. ಫ್ಲೋರೈಡ್ ಹೆಚ್ಚಾದ ನೀರು ಕುಡಿದರೆ ಕೆಡುವುದು ಹಲ್ಲು ಮತ್ತು ಮೂಳೆ. ಕೆರಟೋಸಿಸ್ ಪೈಲಾರಿಸ್‌ಗೆ ಅದು ಕಾರಣವಲ್ಲ. ಆದರೆ ಕೊಳವೆಬಾವಿಯ ಗಡಸು ನೀರಿಗೆ ಒಂದು ಪರೋಕ್ಷ ಪಾತ್ರವಿದೆ: ಅದರಲ್ಲಿ ಸೋಪು ಸರಿಯಾಗಿ ನೊರೆ ಬರುವುದಿಲ್ಲ, ಆದ್ದರಿಂದ ಜನ ಹೆಚ್ಚು ಸೋಪು ಹಾಕಿ ಹೆಚ್ಚು ಉಜ್ಜುತ್ತಾರೆ, ಸೋಪು ಮತ್ತು ಉಪ್ಪು ಸೇರಿದ ಜಿಡ್ಡಿನ ಪದರ ಮೈಯಲ್ಲೇ ಉಳಿದು ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ.

## ಇದೇ ಅದು ಎಂದು ಗುರುತಿಸುವುದು

ಅನುಭವಿ ವೈದ್ಯರು ಕಣ್ಣಿನಿಂದ ನೋಡಿ, ಬೆರಳಿನಿಂದ ಸವರಿ ಇದನ್ನು ಗುರುತಿಸುತ್ತಾರೆ. ರಕ್ತಪರೀಕ್ಷೆಯ ಅಗತ್ಯವಿಲ್ಲ. ಆದರೂ ಗುಳ್ಳೆಯೆಲ್ಲ ಒಂದೇ ಅಲ್ಲ, ತಪ್ಪು ಗುರುತಿಸಿ ತಪ್ಪು ಔಷಧಿ ಹಚ್ಚುವುದೇ ಹೆಚ್ಚಿನ ತೊಂದರೆಗೆ ದಾರಿಯಾಗುತ್ತದೆ. ರಾತ್ರಿ ಹೊತ್ತು ತಡೆಯಲಾರದ ತುರಿಕೆಯಿದ್ದು, ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಗುಳ್ಳೆಗಳೆದ್ದು, ಮನೆಯ ಇನ್ನೊಬ್ಬರಿಗೂ ತುರಿಕೆ ಶುರುವಾಗಿದ್ದರೆ ಅದು ಕಜ್ಜಿ. ಅಂಚು ಹರಡುತ್ತಾ ಉಂಗುರದಂತೆ ಬೆಳೆದರೆ ಹುಳುಕಡ್ಡಿ. ಮುತ್ತಿನಂತೆ ಹೊಳೆಯುತ್ತಾ ನಡುವೆ ಕುಳಿ ಬಿದ್ದ ಗುಳ್ಳೆಗಳು ಮಗುವಿನ ಮೈಯಲ್ಲಿ ಅಲ್ಲೊಂದು ಇಲ್ಲೊಂದು ಕಂಡರೆ ಅದು ಮೊಲಸ್ಕಮ್ ಎಂಬ ವೈರಾಣುವಿನ ಸೋಂಕು, ಅದು ಅಂಟುತ್ತದೆ. ಬೆವರಿನ ದಿನಗಳಲ್ಲಿ ಬೆನ್ನು, ಎದೆಯ ಮೇಲೆ ಒಂದೇ ಗಾತ್ರದ ತುರಿಕೆಯ ಗುಳ್ಳೆಗಳು ದಿಢೀರನೆ ಎದ್ದರೆ ಬೆವರುಸಾಲೆಯೋ ರೋಮಕೂಪದ ಶಿಲೀಂಧ್ರ ಸೋಂಕೋ ಆಗಿರಬಹುದು.

ನಮ್ಮ ಭಾಗದಲ್ಲಿ ಮುಖ್ಯವಾಗಿ ಬೇರ್ಪಡಿಸಿ ನೋಡಬೇಕಾದದ್ದು ಫ್ರೈನೋಡರ್ಮ ಎಂಬ ಸ್ಥಿತಿ. ಇದು ಪೋಷಣೆಯ ಕೊರತೆಯಿಂದ ಬರುವಂಥದ್ದು, ಶಾಲಾ ವಯಸ್ಸಿನ ಮಕ್ಕಳಲ್ಲಿ ಹೆಚ್ಚು. ಮೊಣಕೈ, ಮಂಡಿ, ಪೃಷ್ಠಗಳ ಮೇಲೆ ಕಂದುಬಣ್ಣದ, ನಡುವೆ ಮುಳ್ಳಿನಂತೆ ಗಟ್ಟಿಯಾದ, ಕೆರಟೋಸಿಸ್ ಪೈಲಾರಿಸ್‌ಗಿಂತ ದೊಡ್ಡದಾದ ಗುಳ್ಳೆಗಳು ಗುಂಪುಗುಂಪಾಗಿ ಏಳುತ್ತವೆ. ಒಂದು ಕಾಲದಲ್ಲಿ ಇದು ಎ ಜೀವಸತ್ವದ ಕೊರತೆಯೊಂದರಿಂದಲೇ ಎಂದು ನಂಬಿದ್ದರು. ಈಗ ಅಗತ್ಯ ಕೊಬ್ಬಿನಾಮ್ಲಗಳು, ಬಿ ಗುಂಪಿನ ಜೀವಸತ್ವಗಳು, ಇ ಜೀವಸತ್ವ ಎಲ್ಲದರ ಕೊರತೆಯೂ ಇದರಲ್ಲಿ ಸೇರಿರಬಹುದೆಂದು ತಿಳಿದಿದೆ. ಚಿಕಿತ್ಸೆಯಲ್ಲಿ ಕುಸುಬೆ ಎಣ್ಣೆ, ಅಗಸೆ ಎಣ್ಣೆಗಳನ್ನು ಆಹಾರವಾಗಿ ಕೊಟ್ಟು ಗುಣ ಕಂಡ ವರದಿಗಳು ಭಾರತದಿಂದಲೇ ಬಂದಿವೆ. ಮಗುವಿಗೆ ಸಂಜೆಯಾದ ಮೇಲೆ ಕಣ್ಣು ಸರಿಯಾಗಿ ಕಾಣದೆ ತಡವರಿಸುವ ಲಕ್ಷಣವೂ ಜೊತೆಗಿದ್ದರೆ ಒಂದು ದಿನವೂ ತಡಮಾಡಬಾರದು, ಅದು ಎ ಜೀವಸತ್ವ ತೀರ ಕುಸಿದಿರುವ ಗುರುತು. ಒಂಬತ್ತು ತಿಂಗಳಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಒಟ್ಟು 9 ಬಾರಿ ಸರ್ಕಾರ ಉಚಿತವಾಗಿ ಕೊಡುವ ಎ ಜೀವಸತ್ವದ ದ್ರಾವಣವನ್ನು ಮಕ್ಕಳಿಗೆ ತಪ್ಪದೆ ಹಾಕಿಸಬೇಕಾದದ್ದು ಮುಖ್ಯವಾಗಿ ಕಣ್ಣಿಗಾಗಿ, ಆದರೆ ಚರ್ಮಕ್ಕೂ ಅದರಿಂದ ರಕ್ಷಣೆಯುಂಟು. ನುಗ್ಗೆಸೊಪ್ಪು, ಪಪ್ಪಾಯಿ, ಮೊಟ್ಟೆ, ಊಟದ ಜೊತೆ ಅಗಸೆ ಅಥವಾ ಗುರೆಳ್ಳಿನ ಚಟ್ನಿಪುಡಿ ಇವೆಲ್ಲ ಈ ಕೊರತೆಗಳನ್ನು ತಡೆಯುವ ಇಲ್ಲಿಯದೇ ಆಹಾರಗಳು.

ಆದರೆ ಚೆನ್ನಾಗಿ ಉಂಡು ಬೆಳೆದ ಹುಡುಗ ಹುಡುಗಿಯರ ತೋಳಿನ ಕೆರಟೋಸಿಸ್ ಪೈಲಾರಿಸ್ ಆಹಾರದ ಕೊರತೆಯಲ್ಲ. ಅದಕ್ಕಾಗಿ ಎ ಜೀವಸತ್ವದ ಮಾತ್ರೆಗಳನ್ನು ತಾವಾಗಿ ನುಂಗುವುದು ಅಪಾಯ. ಅದು ದೇಹದಲ್ಲಿ ಶೇಖರವಾಗುತ್ತದೆ, ಹೆಚ್ಚಾದರೆ ಯಕೃತ್ತಿಗೆ ಹಾನಿ, ಗರ್ಭಿಣಿಯಾದರೆ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ.

## ಬಚ್ಚಲಿನಿಂದ ಶುರುವಾಗುವ ಆರೈಕೆ

ಚಳಿಗಾಲದಲ್ಲಿ ಹಂಡೆ ತುಂಬ ಕುದಿಸಿದ ನೀರನ್ನು ಚುರುಕೆನ್ನುವಷ್ಟು ಬಿಸಿಯಾಗಿ ಹೊಯ್ದುಕೊಂಡು, ಹೀರೆಕಾಯಿ ನಾರಿನಿಂದಲೋ ಕಲ್ಲಿನಿಂದಲೋ ಮೈ ಕೆಂಪಾಗುವವರೆಗೆ ಉಜ್ಜಿದರೆ ಆ ಕ್ಷಣಕ್ಕೆ ಚರ್ಮ ನುಣುಪಾದಂತೆನಿಸುವುದು ನಿಜ. ಆದರೆ ಬಿಸಿನೀರು ಚರ್ಮದ ನೈಸರ್ಗಿಕ ಜಿಡ್ಡನ್ನು ತೊಳೆದುಹಾಕುತ್ತದೆ, ನಾರು ಬಿರಡೆಯ ತುದಿಯನ್ನು ಮಾತ್ರ ಕಿತ್ತು ಸುತ್ತಲಿನ ಚರ್ಮವನ್ನು ಗಾಯ ಮಾಡುತ್ತದೆ. ಗಾಯಕ್ಕೆ ಉತ್ತರವಾಗಿ ಚರ್ಮ ಇನ್ನಷ್ಟು ಕೆರಟಿನ್ ಕಟ್ಟುತ್ತದೆ, ಮೇಲೆ ಕಪ್ಪು ಕಲೆಯೂ ಉಳಿಯುತ್ತದೆ. ಈ ಸ್ಥಿತಿಯಿರುವವರು ಬಿಡಬೇಕಾದ ಮೊದಲ ಅಭ್ಯಾಸ ಇದು. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ ಮೀರದ ಸ್ನಾನ, ಕಂಕುಳು ತೊಡೆಸಂದಿಗಳಿಗೆ ಮಾತ್ರ ಸೋಪು, ಉಳಿದ ಮೈಗೆ ಸೌಮ್ಯವಾದ ಕ್ಲೆನ್ಸರ್ ಅಥವಾ ಬರಿಯ ನೀರು, ಇಷ್ಟೇ ಸಾಕು. ಉಜ್ಜಲೇಬೇಕೆನಿಸಿದರೆ ಮೆತ್ತನೆಯ ಹತ್ತಿ ಬಟ್ಟೆಯಿಂದ ವಾರಕ್ಕೊಂದೆರಡು ಬಾರಿ ಹಗುರವಾಗಿ ಸವರಬಹುದು. ಕಡಲೆಹಿಟ್ಟು ತಕ್ಕಮಟ್ಟಿಗೆ ಸೌಮ್ಯ. ಒರಟಾಗಿ ಬೀಸಿದ ಸೀಗೆಪುಡಿ ಮೈಗೆ ಬೇಡ.

ಸ್ನಾನವಾದ ಮೇಲೆ ಟವೆಲಿನಿಂದ ತಿಕ್ಕದೆ ಒತ್ತಿ ಒರೆಸಿ, ಮೈ ಇನ್ನೂ ತೇವವಿರುವಾಗಲೇ, ಅಂದರೆ ಮೂರು ನಾಲ್ಕು ನಿಮಿಷದೊಳಗೆ, ತೇವಕಾರಕ ಮುಲಾಮನ್ನು ಹಚ್ಚಬೇಕು. ಒಣಗಿದ ಮೈಗೆ ಎಷ್ಟು ಹಚ್ಚಿದರೂ ಅದು ಹೊರಗಿನ ತೇವವನ್ನು ಒಳಗೆ ತರಲಾರದು, ಒಳಗಿರುವುದನ್ನು ತಡೆದು ನಿಲ್ಲಿಸುವುದೇ ಅದರ ಮುಖ್ಯ ಕೆಲಸ. ಎಣ್ಣೆನಗರಿಯೆಂದು ಹೆಸರಾದ ಚಳ್ಳಕೆರೆಯ ಸೀಮೆಯಲ್ಲಿ ಎಣ್ಣೆಯ ಬಗ್ಗೆ ಪ್ರಶ್ನೆ ಬರುವುದು ಸಹಜ. ಕೊಬ್ಬರಿ ಎಣ್ಣೆ ತೇವ ಆರದಂತೆ ತಡೆಯುವ ಕೆಲಸವನ್ನು ಸಾಕಷ್ಟು ಚೆನ್ನಾಗಿ ಮಾಡುತ್ತದೆ, ಖರ್ಚೂ ಕಡಿಮೆ. ಪೆಟ್ರೋಲಿಯಂ ಜೆಲ್ಲಿಯೂ ಅಷ್ಟೇ. ಅಭ್ಯಂಜನದ ವಾಡಿಕೆಯಿರುವವರು ಅದನ್ನು ನಿಲ್ಲಿಸಬೇಕಿಲ್ಲ, ಆದರೆ ಎಣ್ಣೆ ಹಚ್ಚಿದ ಮೇಲೆ ಅದನ್ನು ಪೂರ್ತಿ ತೆಗೆಯಲೆಂದು ಕುದಿನೀರು, ಸೀಗೆಪುಡಿ ಹಾಕಿ ತಿಕ್ಕಿದರೆ ಎಣ್ಣೆಯ ಪ್ರಯೋಜನವೆಲ್ಲ ಬಚ್ಚಲಲ್ಲೇ ಹರಿದುಹೋಗುತ್ತದೆ. ಎಣ್ಣೆಯಾಗಲಿ ಜೆಲ್ಲಿಯಾಗಲಿ ಬಿರಡೆಯನ್ನು ಕರಗಿಸುವುದಿಲ್ಲ ಎಂಬುದೂ ನೆನಪಿರಲಿ. ಬಿಗಿಯಾದ ಸಿಂಥೆಟಿಕ್ ಬಟ್ಟೆ, ಒರಟು ಕಂಬಳಿ ನೇರವಾಗಿ ತೋಳಿಗೆ ಉಜ್ಜುವುದು ಗುಳ್ಳೆಗಳನ್ನು ಕೆರಳಿಸುತ್ತದೆ. ಒಳಗೊಂದು ಹತ್ತಿಯ ಬಟ್ಟೆಯಿದ್ದರೆ ಕಂಬಳಿಯೂ ತೊಂದರೆ ಕೊಡದು.

## ಬಿರಡೆಯನ್ನು ಸಡಿಲಿಸುವ ಮುಲಾಮುಗಳು

ಯೂರಿಯಾ ಎಂದೊಡನೆ ಭತ್ತದ ಗದ್ದೆಯಿರುವ ದಾವಣಗೆರೆ ಭಾಗದವರಿಗೆ ನೆನಪಾಗುವುದು ಗೊಬ್ಬರದ ಚೀಲ. ರಾಸಾಯನಿಕವಾಗಿ ಎರಡೂ ಒಂದೇ ವಸ್ತು. ಅಷ್ಟೇ ಅಲ್ಲ, ಆರೋಗ್ಯವಂತ ಚರ್ಮ ತೇವ ಹಿಡಿದಿಟ್ಟುಕೊಳ್ಳಲು ಬಳಸುವ ಸಹಜ ಪದಾರ್ಥಗಳಲ್ಲಿ ಯೂರಿಯಾವೂ ಒಂದು. ಆದರೆ ಮುಲಾಮಿನಲ್ಲಿರುವುದು ಔಷಧಿಗೆಂದು ಶುದ್ಧೀಕರಿಸಿ, ಅಳೆದು ಸೇರಿಸಿದ ಯೂರಿಯಾ. ಗೊಬ್ಬರದ ಯೂರಿಯಾಕ್ಕೆ 2015ರಿಂದ ಕಡ್ಡಾಯವಾಗಿ ಬೇವಿನ ಲೇಪವಿದೆ, ಅದರ ಶುದ್ಧತೆಯೂ ಬೆಳೆಗೆ ಬೇಕಾದಷ್ಟೇ. ಅದನ್ನು ನೀರಿನಲ್ಲಿ ಕಲಸಿ ಮೈಗೆ ಹಚ್ಚುವ ಪ್ರಯೋಗವನ್ನು ಯಾರೂ ಮಾಡಬಾರದು. ಶೇಕಡ 10ರವರೆಗಿನ ಯೂರಿಯಾ ಮುಖ್ಯವಾಗಿ ನೀರನ್ನು ಹಿಡಿದಿಡುತ್ತದೆ. ಶೇಕಡ 20ರ ಆಸುಪಾಸಿನಲ್ಲಿ ಕೆರಟಿನ್ನಿನ ಹೆಣಿಗೆಯನ್ನು ಸಡಿಲಿಸಲೂ ತೊಡಗುತ್ತದೆ. ತೋಳು, ತೊಡೆಗಳಿಗೆ 10ರಿಂದ 20ರವರೆಗಿನದು ಸಾಮಾನ್ಯ ಆಯ್ಕೆ. ಶೇಕಡ 40ರದು ದಪ್ಪಗಟ್ಟಿದ ಹಿಮ್ಮಡಿ, ಉಗುರುಗಳಿಗೆಂದು ಇರುವಂಥದ್ದು, ಮಕ್ಕಳ ತೋಳಿಗೆ ಅದು ಬೇಡ.

ಲ್ಯಾಕ್ಟಿಕ್ ಆಮ್ಲ ಮೊಸರಿನಲ್ಲಿರುವ ಆಮ್ಲವೇ. ಅದು ಸತ್ತ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಬಂಧವನ್ನು ಸಡಿಲಿಸುತ್ತದೆ, ಜೊತೆಗೆ ತೇವವನ್ನೂ ಹಿಡಿದಿಡುತ್ತದೆ. ಸ್ಯಾಲಿಸಿಲಿಕ್ ಆಮ್ಲ ಎಣ್ಣೆಯಲ್ಲಿ ಕರಗುವ ಗುಣದ್ದಾದ್ದರಿಂದ ರೋಮಕೂಪದ ಬಾಯೊಳಗೆ ಇಳಿಯಬಲ್ಲದು. ಥಾಯ್ಲೆಂಡಿನ ವೈದ್ಯರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 12 ವಾರಗಳ ನಂತರ ಶೇಕಡ 10ರ ಲ್ಯಾಕ್ಟಿಕ್ ಆಮ್ಲ ಹಚ್ಚಿದವರ ಗುಳ್ಳೆಗಳು ಸರಾಸರಿ ಶೇಕಡ 66ರಷ್ಟು, ಶೇಕಡ 5ರ ಸ್ಯಾಲಿಸಿಲಿಕ್ ಆಮ್ಲ ಹಚ್ಚಿದವರವು ಶೇಕಡ 52ರಷ್ಟು ಇಳಿದಿದ್ದವು. ಅದು 50 ಜನರ ಸಣ್ಣ ಅಧ್ಯಯನ. ಆದರೂ ಅದರಿಂದ ಎರಡು ವಿಷಯ ಸ್ಪಷ್ಟವಾಗುತ್ತದೆ: ಪ್ರಯೋಜನ ನಿಜವಾಗಿಯೂ ಇದೆ, ಅದನ್ನು ಕಾಣಲು ವಾರವಲ್ಲ, ತಿಂಗಳುಗಳು ಬೇಕು. ಹೊಸ ಚರ್ಮ ಮೇಲೇರಿ ಬರಲು ನಾಲ್ಕು ವಾರ ಹಿಡಿಯುವಾಗ ವಾರದೊಳಗೆ ಗುಣವೆಂಬ ಜಾಹೀರಾತಿನ ಮಾತನ್ನು ಹೇಗೆ ನಂಬುವುದು?

ಬಳಸುವ ರೀತಿಯಲ್ಲೂ ಎಚ್ಚರ ಬೇಕು. ಹೊಸ ಮುಲಾಮನ್ನು ಮೊದಲು ಮುಂಗೈಯ ಒಳಭಾಗದ ಚಿಕ್ಕ ಜಾಗದಲ್ಲಿ ಎರಡು ಮೂರು ದಿನ ಹಚ್ಚಿ ನೋಡಿ, ಉರಿ ಬರದಿದ್ದರೆ ಮಾತ್ರ ಮುಂದುವರಿಯಬೇಕು. ಆರಂಭದಲ್ಲಿ ದಿನ ಬಿಟ್ಟು ದಿನ, ಒಗ್ಗಿದ ಮೇಲೆ ದಿನಕ್ಕೊಮ್ಮೆ ರಾತ್ರಿ. ಒಂದೇ ಸಲಕ್ಕೆ ಎರಡು ಮೂರು ಆಮ್ಲಗಳನ್ನು ಬೆರೆಸಬಾರದು. ಬಿರಿದ ಚರ್ಮಕ್ಕೆ, ಆಗಷ್ಟೇ ಶೇವಿಂಗ್ ಅಥವಾ ವ್ಯಾಕ್ಸಿಂಗ್ ಮಾಡಿದ ಮೈಗೆ ಹಚ್ಚಿದರೆ ಉರಿ ತಪ್ಪದು. ಸ್ಯಾಲಿಸಿಲಿಕ್ ಆಮ್ಲ ಚರ್ಮದ ಮೂಲಕ ರಕ್ತಕ್ಕೂ ಸೇರಬಲ್ಲುದಾದ್ದರಿಂದ ಪುಟ್ಟ ಮಕ್ಕಳಿಗೆ ಮೈತುಂಬ ಹಚ್ಚಬಾರದು. ಮಕ್ಕಳಿಗೆ ಬರಿಯ ತೇವಕಾರಕದಿಂದ ಶುರುಮಾಡುವುದೇ ಸರಿ. ಲ್ಯಾಕ್ಟಿಕ್, ಗ್ಲೈಕಾಲಿಕ್ ಆಮ್ಲಗಳು ಚರ್ಮವನ್ನು ಬಿಸಿಲಿಗೆ ಹೆಚ್ಚು ಸೂಕ್ಷ್ಮವಾಗಿಸುತ್ತವೆ. ಇಲ್ಲಿಯ ಬಿಸಿಲಿನಲ್ಲಿ ತೋಳು ತೆರೆದು ಓಡಾಡುವವರು, ದ್ವಿಚಕ್ರ ವಾಹನದವರು, ಹೊಲದಲ್ಲಿ ದುಡಿಯುವವರು ಹಗಲು ತುಂಬುತೋಳಿನ ಬಟ್ಟೆ ತೊಡಬೇಕು ಅಥವಾ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಬೇಕು. ಇಲ್ಲವಾದರೆ ಗುಳ್ಳೆ ಇಳಿದರೂ ಕಪ್ಪು ಉಳಿಯುತ್ತದೆ.

ಇವುಗಳಿಂದ ಸಾಲದೆ ಹೋದರೆ ವೈದ್ಯರು ಟ್ರೆಟಿನಾಯಿನ್ ಅಥವಾ ಅಡಾಪಲೀನ್ ಎಂಬ, ಎ ಜೀವಸತ್ವದಿಂದ ರೂಪುಗೊಂಡ ಅಥವಾ ಅದರಂತೆ ಕೆಲಸ ಮಾಡುವ ಮುಲಾಮುಗಳನ್ನು ಬರೆಯುತ್ತಾರೆ. ಅವು ರೋಮಕೂಪದ ಬಾಯಲ್ಲಿ ಕೆರಟಿನ್ ಕಟ್ಟುವ ವೇಗವನ್ನೇ ಸರಿಪಡಿಸಲು ಯತ್ನಿಸುತ್ತವೆ. ಆರಂಭದಲ್ಲಿ ಉರಿ, ಸಿಪ್ಪೆ ಸುಲಿಯುವುದು ಸಾಮಾನ್ಯ. ಗರ್ಭಿಣಿಯರು, ಗರ್ಭ ಧರಿಸಲು ಯೋಚಿಸುತ್ತಿರುವವರು ಇವನ್ನು ಬಳಸಬಾರದು.

ಮುಲಾಮು ನಿಲ್ಲಿಸಿದ ಕೆಲವು ವಾರಗಳಲ್ಲಿ ಗುಳ್ಳೆಗಳು ಮರಳಿ ಬರುತ್ತವೆ. ಇದನ್ನು ಔಷಧಿಯ ಸೋಲೆಂದು ತಿಳಿದು ಹೊಸದಕ್ಕೆ ಹಾರುವವರು ಬಹಳ. ಮೂಲ ಗುಣ ಹುಟ್ಟಿನಿಂದ ಬಂದದ್ದಾದ್ದರಿಂದ ಚೆನ್ನಾಗಿ ಇಳಿದ ಮೇಲೂ ವಾರಕ್ಕೆರಡು ಮೂರು ಬಾರಿ ಹಚ್ಚುವುದನ್ನು ಮುಂದುವರಿಸಬೇಕಾಗುತ್ತದೆ. ಆ ಕಾರಣಕ್ಕೇ ದುಬಾರಿ ಬಾಟಲಿಗಿಂತ ವರ್ಷವಿಡೀ ಕೈಗೆಟಕುವ ಮುಲಾಮನ್ನು ಆರಿಸಿಕೊಳ್ಳುವುದು ಮೇಲು. ಲೇಬಲ್ಲಿನಲ್ಲಿ ನೋಡಬೇಕಾದದ್ದು ಮುಂಬದಿಯ ದೊಡ್ಡಕ್ಷರವನ್ನಲ್ಲ, ಹಿಂಬದಿಯಲ್ಲಿ ಬರೆದ ಪದಾರ್ಥ ಮತ್ತು ಅದರ ಶೇಕಡಾವಾರನ್ನು.

## ಸ್ಟೀರಾಯ್ಡ್ ಟ್ಯೂಬಿನ ಅಪಾಯ

ಈ ಲೇಖನದಲ್ಲಿ ಓದುಗರು ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಲಿ ಎಂದು ಬಯಸುತ್ತೇನೆ. ಗುಳ್ಳೆ, ತುರಿಕೆ, ಕಲೆ ಯಾವುದಕ್ಕೆಂದು ಕೇಳಿದರೂ ಕೆಲವೆಡೆ ಕೈಗೆ ಸಿಗುವುದು ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್ ಇವುಗಳಲ್ಲೊಂದು ಸೇರಿದ ಮುಲಾಮು. ಇವು ಸ್ಟೀರಾಯ್ಡುಗಳು. ಹಚ್ಚಿದ ನಾಲ್ಕೈದು ದಿನಕ್ಕೆ ಉರಿಯೂತ ಅಡಗಿ, ಬಣ್ಣ ತಿಳಿಯಾದಂತೆ ಕಾಣುವುದರಿಂದ ಜನ ಮೆಚ್ಚಿ ಮತ್ತೆಮತ್ತೆ ಹಚ್ಚುತ್ತಾರೆ. ಆದರೆ ಕೆರಟಿನ್ ಬಿರಡೆಯನ್ನು ಸ್ಟೀರಾಯ್ಡ್ ಕರಗಿಸುವುದಿಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಪೊರೆಯಂತಾಗುತ್ತದೆ, ತೋಳು ತೊಡೆಗಳಲ್ಲಿ ಮತ್ತೆ ಮಾಯದ ಬಿರುಕುಗೆರೆಗಳು ಮೂಡುತ್ತವೆ, ಮುಖವಾದರೆ ಮೊಡವೆ, ಬೇಡದ ಕೂದಲು, ಬಿಟ್ಟೊಡನೆ ಉರಿ. ಹುಳುಕಡ್ಡಿಯನ್ನು ಗುಳ್ಳೆಯೆಂದು ತಿಳಿದು ಹಚ್ಚಿದರಂತೂ ಅದು ಗುರುತು ಸಿಗದ ರೂಪದಲ್ಲಿ ಮೈಯೆಲ್ಲ ಹರಡುತ್ತದೆ.

ಕೇಂದ್ರ ಸರ್ಕಾರ 2018ರಲ್ಲಿ ಇಂಥ 14 ಸ್ಟೀರಾಯ್ಡ್ ಮುಲಾಮುಗಳಿಗಿದ್ದ ವಿನಾಯಿತಿಯನ್ನು ತೆಗೆದು, ವೈದ್ಯರ ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ನಿಯಮದಡಿ ತಂದಿತು. ಟ್ಯೂಬಿನ ಮೇಲೆ ಆರ್‌ಎಕ್ಸ್ ಗುರುತು ಮತ್ತು ಷೆಡ್ಯೂಲ್ ಎಚ್ ಎಚ್ಚರಿಕೆ ಇದ್ದರೆ ಅದು ಚೀಟಿಯಿಲ್ಲದೆ ಕೊಳ್ಳುವಂಥದ್ದಲ್ಲ. ಗುಳ್ಳೆಗಳ ಸುತ್ತ ತೀವ್ರ ಉರಿಯೂತವಿದ್ದಾಗ ವೈದ್ಯರೇ ಕೆಲದಿನಗಳ ಮಟ್ಟಿಗೆ ಸೌಮ್ಯ ಸ್ಟೀರಾಯ್ಡ್ ಬರೆಯಬಹುದು. ಅವರು ಹೇಳಿದ ದಿನಕ್ಕೆ ನಿಲ್ಲಿಸಬೇಕು, ಉಳಿದ ಟ್ಯೂಬನ್ನು ಮುಂದಿನ ವರ್ಷಕ್ಕೆ ಎತ್ತಿಡಬಾರದು.

## ಲೇಸರ್

ದೊಡ್ಡ ಊರುಗಳ ಚರ್ಮ ಚಿಕಿತ್ಸಾಲಯಗಳಲ್ಲಿ ಲೇಸರ್ ಸಿಗುತ್ತದೆ. ಸುರುಳಿಗೂದಲನ್ನು ತೆಗೆಯುವ ಲೇಸರ್ ಒರಟನ್ನು, ಬೇರೆ ಬಗೆಯದು ಕೆಂಪನ್ನು ತಕ್ಕಮಟ್ಟಿಗೆ ಕಡಿಮೆ ಮಾಡುತ್ತದೆ. ಹಲವು ಬಾರಿ ಹೋಗಬೇಕು, ಖರ್ಚು ಹೆಚ್ಚು, ಶಾಶ್ವತವೆಂಬ ಖಾತರಿಯಿಲ್ಲ. ಕಪ್ಪು ಚರ್ಮಕ್ಕೆ ಹೊಂದದ ಲೇಸರ್ ಬಳಸಿದರೆ ಸುಟ್ಟ ಕಲೆಯಾಗುವ ಅಪಾಯವಿರುವುದರಿಂದ ನಮ್ಮ ಮೈಬಣ್ಣಕ್ಕೆ ಹೆಚ್ಚು ಸುರಕ್ಷಿತವಾದ, 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಇದೆಯೇ, ಮಾಡುವವರು ಚರ್ಮವೈದ್ಯರೇ ಎಂದು ಕೇಳಿ ತಿಳಿಯಬೇಕು. ಮುಲಾಮನ್ನು ಮೂರು ತಿಂಗಳು ಸರಿಯಾಗಿ ಬಳಸಿ ನೋಡುವ ಮೊದಲೇ ಲೇಸರಿಗೆ ಹೋಗುವ ಅಗತ್ಯವಿಲ್ಲ.

## ಕಲೆ, ಕೂದಲು ಮತ್ತು ಸುತ್ತಲಿನವರ ಮಾತು

ಗುಳ್ಳೆಗಳನ್ನು ಉಗುರಿನಿಂದ ಚಿವುಟಿ ಒಳಗಿನ ಬಿಳಿಯ ಕಾಳನ್ನು ತೆಗೆಯುವ ಅಭ್ಯಾಸ ಅನೇಕ ಮಕ್ಕಳಿಗಿರುತ್ತದೆ, ಪರೀಕ್ಷೆಯ ದಿನಗಳಲ್ಲಿ ಓದುತ್ತಾ ಕುಳಿತಾಗ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ತೋಳುಗಳ ಮೇಲೆ ಉಳಿಯುವ ಕಪ್ಪು ಚುಕ್ಕೆಗಳಲ್ಲಿ ಅನೇಕವು ಈ ಚಿವುಟುವಿಕೆಯಿಂದ ಆದವು. ಗದರುವುದಕ್ಕಿಂತ ಉಗುರು ಕತ್ತರಿಸಿ, ಮುಲಾಮನ್ನು ನಿತ್ಯ ಹಚ್ಚಿ, ಕೈಗೆ ತರಿ ಸಿಗದಂತೆ ಮಾಡಿದರೆ ಅಭ್ಯಾಸ ಸುಲಭವಾಗಿ ತಪ್ಪುತ್ತದೆ. ಕಲೆಗಳು ಮಾಸಲು ಆರು ತಿಂಗಳಿಂದ ಒಂದು ವರ್ಷ ಹಿಡಿಯಬಹುದು, ಬಿಸಿಲಿನಿಂದ ರಕ್ಷಿಸಿದರೆ ಬೇಗ ಮಾಸುತ್ತವೆ. ಈ ಚರ್ಮದಲ್ಲಿ ವ್ಯಾಕ್ಸಿಂಗ್ ಮಾಡಿದರೆ ಒಳಗೇ ಬೆಳೆಯುವ ಕೂದಲು ಹೆಚ್ಚಾಗಬಹುದು. ಕೂದಲು ತೆಗೆಯಲೇಬೇಕೆನ್ನುವವರು ಒಂದೆರಡು ವಾರ ಮೊದಲೇ ಚರ್ಮವನ್ನು ಮೆದುಮಾಡಿಕೊಂಡು, ಕೂದಲು ಬೆಳೆದ ದಿಕ್ಕಿನಲ್ಲೇ ಶೇವ್ ಮಾಡುವುದು ಕಡಿಮೆ ತೊಂದರೆಯ ದಾರಿ.

ಈ ಗುಳ್ಳೆಗಳು ದೇಹಕ್ಕೆ ಕೊಡುವ ತೊಂದರೆಗಿಂತ ನೋಡುವವರ ಮಾತು ಮನಸ್ಸಿಗೆ ಕೊಡುವ ತೊಂದರೆ ದೊಡ್ಡದು. ಹೆಣ್ಣು ನೋಡಲು ಬಂದವರ ಎದುರು, ಹಾಸ್ಟೆಲ್ಲಿನ ಕೋಣೆಯಲ್ಲಿ, ಆಟದ ಮೈದಾನದಲ್ಲಿ ಇದೇನು ಅಂಟುರೋಗವೇ ಎಂಬ ಪ್ರಶ್ನೆ ಎದುರಾದಾಗ ಮಗುವಿಗೆ ಉತ್ತರ ಗೊತ್ತಿರಬೇಕು. ಇದು ನಮ್ಮ ಮನೆತನದ ಚರ್ಮ, ಯಾರಿಗೂ ಅಂಟುವುದಿಲ್ಲ ಎಂದು ಅಪ್ಪನೋ ಅಮ್ಮನೋ ತಮ್ಮ ತೋಳನ್ನೇ ತೋರಿಸಿ ಹೇಳಿದ್ದರೆ ಆ ಉತ್ತರ ಮಗುವಿನ ಬಾಯಲ್ಲಿ ಸುಲಭವಾಗಿ ಬರುತ್ತದೆ. ಚಿಕಿತ್ಸೆ ಬೇಡವೆಂದು ಬಿಡುವುದೂ ಸರಿಯಾದ ಆಯ್ಕೆಯೇ. ಹಾಗೆಯೇ ಬಿಟ್ಟರೆ ಯಾವ ಹಾನಿಯೂ ಇಲ್ಲ.

## ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಹುಬ್ಬಿನ ಹೊರತುದಿಯ ಕೂದಲು ಉದುರುತ್ತಾ ಅಲ್ಲಿ ತರಿ, ಕೆಂಪು ಕಂಡರೆ, ಅಥವಾ ಕೆನ್ನೆಯ ಮೇಲೆ ಸಣ್ಣ ಕುಳಿಗಳು ಬೀಳತೊಡಗಿದರೆ ಅದು ಗಾಯದ ಕಲೆ ಉಳಿಸುವ ಅಪರೂಪದ ಬಗೆಯಾಗಿರಬಹುದು, ಅದನ್ನು ಬೇಗ ತೋರಿಸಬೇಕು. ಗುಳ್ಳೆಗಳಲ್ಲಿ ಕೀವು, ನೋವು, ಜ್ವರ, ತಡೆಯಲಾಗದ ತುರಿಕೆ ಇದ್ದರೆ, ವಯಸ್ಸಾದ ಮೇಲೆ ಮೊದಲ ಬಾರಿಗೆ ದಿಢೀರನೆ ಮೈತುಂಬ ಎದ್ದರೆ, ಮಗುವಿನ ತೂಕ ಏರದೆ ಮಂಡಿ ಮೊಣಕೈಗಳಲ್ಲಿ ಗುಳ್ಳೆಗಳಿದ್ದರೆ ಕಾಯಬಾರದು. ಈಗಾಗಲೇ ಸ್ಟೀರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದವರು ಅದನ್ನು ಹೇಗೆ ಬಿಡಿಸಬೇಕೆಂದು ಕೇಳುವುದಕ್ಕಾಗಿಯಾದರೂ ವೈದ್ಯರ ಬಳಿಗೆ ಹೋಗಬೇಕು.

ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆ, ಚಿತ್ರದುರ್ಗದ ಜಿಲ್ಲಾಸ್ಪತ್ರೆ, ಎರಡೂ ಊರುಗಳ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ಇದಕ್ಕೆ ಹೋಗಬಹುದಾದ ಜಾಗಗಳು. ಹೋಗುವಾಗ ಈವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನು, ಖಾಲಿಯಾದವನ್ನೂ ಸೇರಿಸಿ, ಜೊತೆಗೆ ಒಯ್ಯಬೇಕು. ಹಿಂದಿನ ಸಂಜೆಯಿಂದ ಮೈಗೆ ಏನನ್ನೂ ಹಚ್ಚದೆ ಹೋದರೆ ಚರ್ಮದ ನಿಜವಾದ ಸ್ಥಿತಿ ವೈದ್ಯರಿಗೆ ಕಾಣುತ್ತದೆ. ಮನೆಯಲ್ಲಿ ಯಾರಿಗಾದರೂ ಆಸ್ತಮಾ, ಎಕ್ಸಿಮಾ ಅಥವಾ ಇದೇ ಬಗೆಯ ಗುಳ್ಳೆಗಳಿದ್ದರೆ ಅದನ್ನೂ ತಿಳಿಸಬೇಕು. ಗರ್ಭಿಣಿಯಾಗಿದ್ದರೆ, ಹಾಲೂಡಿಸುತ್ತಿದ್ದರೆ ಆ ಮಾತನ್ನು ವೈದ್ಯರು ಚೀಟಿ ಬರೆಯುವ ಮೊದಲೇ ಹೇಳಬೇಕು.